ವಿಜಯದಶಮಿಯ ಬೆಳಿಗ್ಗೆ ಏಳದ ಕಂಪ್ಯೂಟರ್

ಆ ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಯಜಮಾನರ ಆಫೀಸಿನಿಂದ. ಮುಂಬಯಿಯ ಫೋರ್ಟ್‌ನಲ್ಲಿದ್ದ ಆ ಆಫೀಸಿಗೆ ಹೊಸ ಯಂತ್ರಗಳು ಬಂದಾಗ ಹಳೆಯವನ್ನು ಅಧಿಕಾರಿಗಳೇ ಕೊಂಡುಕೊಳ್ಳಬಹುದು ಎಂದರಂತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಇನ್ನಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಟೆಂಪೋದಿಂದ ಇಳಿಸುವಾಗ ಮೂರು ಮಹಡಿಯವರೂ ಬಾಲ್ಕನಿಗೆ ಬಂದು ನಿಂತು ನೋಡಿದರು. ಯಜಮಾನರು ಹೊರುವವರಿಗೆ ಬೇಕಿಲ್ಲದಷ್ಟು ಜೋರಾಗಿ “ಸಂಭಾಲ್ ಕೆ, ಸಂಭಾಲ್ ಕೆ” ಎನ್ನುತ್ತಿದ್ದರು.

ಹಾಲ್‌ನ ಕಿಟಕಿ ಪಕ್ಕದ ಮೇಜಿನ ಮೇಲೆ ಚಪ್ಪಟೆ ಪೆಟ್ಟಿಗೆ, ಅದರ ಮೇಲೆ ಟಿ.ವಿ.ಯಂಥ ಪರದೆ. ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಇನ್ನೊಂದು ಕಬ್ಬಿಣದ ಪೆಟ್ಟಿಗೆ. ಕರೆಂಟ್ ಏರಿದರೂ ಇಳಿದರೂ ಯಂತ್ರಕ್ಕೆ ಒಂದೇ ಸಮನಾಗಿ ಕೊಡುವ ಅದನ್ನು ಎಲ್ಲರೂ ಸಿ.ವಿ.ಟಿ. ಎನ್ನುತ್ತಿದ್ದರು. ಗೋಡೆಯ ಪ್ಲಗ್ಗಿನಿಂದ ಕರೆಂಟ್ ಮೊದಲು ಅದಕ್ಕೆ, ಅದರಿಂದ ಕಂಪ್ಯೂಟರಿಗೆ. ಹಚ್ಚಿದರೆ ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು.

ಯಜಮಾನರು ಮೂರು ಭಾನುವಾರ ಕಂಪ್ಯೂಟರಿನ ಮುಂದೆ ಕೂತರು. ಅದರ ಜೊತೆ ಬಂದಿದ್ದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಬೆರಳಿನಿಂದ, ಕಾಳು ಆರಿಸುವವರ ಹಾಗೆ ಒತ್ತುತ್ತಿದ್ದರು. ನಾಲ್ಕನೆಯ ಭಾನುವಾರ ಕ್ರಿಕೆಟ್ ಇತ್ತು. ಆಮೇಲೆ ಕೂರಲಿಲ್ಲ.

ನನಗೆ ಟೈಪಿಂಗ್ ಬರುತ್ತಿತ್ತು. ಮೈಸೂರಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ಕೈಗಳ ಮೇಲೆ ಕರವಸ್ತ್ರ ಹೊದಿಸಿ, ಕೀಗಳನ್ನು ನೋಡದೆ ಹೊಡೆಯುವುದನ್ನು ಕಲಿಸಿದ್ದರು. ಅತ್ತೆ ಮಧ್ಯಾಹ್ನ ಮಲಗಿದ ಮೇಲೆ ಅದೇ ಪುಸ್ತಕ ಹಿಡಿದು ಕೂತೆ. ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಎರಡು ತಿಂಗಳಲ್ಲಿ ಪುಟ ಕೂಡಿಸುವುದು, ಅಂಚು ಸರಿಪಡಿಸುವುದು, ಫ್ಲಾಪಿಯಲ್ಲಿ ಉಳಿಸುವುದು ಎಲ್ಲ ಬಂತು.

ಹತ್ತಿರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮರಾಠಿ ಮಹಿಳೆಯೊಬ್ಬರು ನನಗೆ ತರಕಾರಿ ಅಂಗಡಿಯಲ್ಲಿ ಪರಿಚಯ. ಇಲ್ಲಿ ಶಿಕ್ಷಕಿಯರನ್ನು ಕರೆಯುವ ಹಾಗೆ ನಾನೂ ಅವರನ್ನು ಬಾಯಿ ಎನ್ನುತ್ತಿದ್ದೆ. ಉಪನಗರಗಳ ಉಪ್ಪಿನಗದ್ದೆಗಳ ಬಗ್ಗೆ ಅವರು ಇಂಗ್ಲಿಷಿನಲ್ಲಿ ಏಳು ಅಧ್ಯಾಯಗಳ ಪ್ರಬಂಧ ಬರೆದಿದ್ದರು. ಟೈಪ್ ಮಾಡುವವರು ಬೇಕಿತ್ತು. “ದೀಪಾವಳಿ ರಜೆಗೆ ಮೊದಲು ಒಪ್ಪಿಸಬೇಕು. ನೀನು ಮಾಡಿಕೊಟ್ಟರೆ ನಮ್ಮ ಡಿಪಾರ್ಟ್‌ಮೆಂಟಿನ ಇನ್ನಿಬ್ಬರೂ ನಿನ್ನ ಹತ್ತಿರವೇ ಬರುತ್ತಾರೆ,” ಎಂದರು. ಯಜಮಾನರನ್ನು ಕೇಳಿದೆ. “ಮಾಡು, ಹೊತ್ತು ಹೋಗುತ್ತೆ,” ಎಂದು ಪೇಪರ್ ತಿರುವಿದರು.

ಮದುವೆಯಾಗಿ ಆರು ವರ್ಷವಾಗಿತ್ತು. ಬಾಗಿಲು ತಟ್ಟಿದವರೆಲ್ಲ ಅವರನ್ನೋ ಅತ್ತೆಯನ್ನೋ ಕೇಳಿಕೊಂಡು ಬಂದವರು. ನನ್ನನ್ನೇ, ನನಗೆ ಗೊತ್ತಿರುವ ಒಂದು ಕೆಲಸಕ್ಕಾಗಿ ಹುಡುಕಿಕೊಂಡು ಬಂದವರು ಬಾಯಿ ಒಬ್ಬರೇ. ಅದೊಂದನ್ನು ಕೈಬಿಡಬಾರದು ಎಂದುಕೊಂಡಿದ್ದೆ. ನವರಾತ್ರಿಯ ಹೊತ್ತಿಗೆ ನಾಲ್ಕು ಅಧ್ಯಾಯ ಮುಗಿದು, ಐದನೆಯದು ಅರ್ಧಕ್ಕೆ ಬಂದಿತ್ತು.

ನಮ್ಮ ಕಡೆಯವರ ಮನೆಯಲ್ಲಿ ಆಯುಧಪೂಜೆಯ ದಿನ ಕತ್ತರಿ, ಈಳಿಗೆಮಣೆ, ಸ್ಕೂಟರ್ ಎಲ್ಲಕ್ಕೂ ಪೂಜೆ. ಪೂಜೆಗೆ ಇಟ್ಟ ಮೇಲೆ ಮರುದಿನ ವಿಜಯದಶಮಿಯ ಮರುಪೂಜೆ ಆಗುವವರೆಗೆ ಅವುಗಳನ್ನು ಬಳಸುವ ಹಾಗಿಲ್ಲ. ಆಯುಧಕ್ಕೂ ಒಂದು ದಿನ ವಿಶ್ರಾಂತಿ. ಆ ವರ್ಷ ಕಂಪ್ಯೂಟರಿಗೂ ಅರಿಸಿನ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿದೆವು. ಅತ್ತೆ ಅಕ್ಷತೆ ಹಾಕಿದರು, ನಾನೂ ಹಾಕಿದೆ. ಒಂದೆರಡು ಕಾಳು ಪೆಟ್ಟಿಗೆಯ ಹಿಂಬದಿಯ ಜಾಲರಿಯತ್ತ ಉರುಳಿದ್ದು ಕಂಡರೂ, ಮಂಗಳಾರತಿಯ ಮಧ್ಯೆ ಹೆಕ್ಕುವುದು ಹೇಗೆ ಎಂದು ಸುಮ್ಮನಾದೆ.

ಮಧ್ಯಾಹ್ನ ಯಜಮಾನರು ಮರುದಿನದ ಹೂವಿಗೆಂದು ದಾದರ್‌ಗೆ ಹೋದರು. ಅತ್ತೆ ಮಲಗಿದರು. ದೀಪಾವಳಿ ಲೆಕ್ಕ ಹಾಕಿದೆ. ಹಾರವನ್ನು ಮೆಲ್ಲನೆ ಸರಿಸಿ, ಎರಡು ಪುಟ ಟೈಪ್ ಮಾಡಿ, ಹೆಜ್ಜೆ ಸದ್ದು ಕೇಳಿದಂತಾಗಿ ಅರ್ಧ ವಾಕ್ಯಕ್ಕೇ ಉಳಿಸಿ, ಆರಿಸಿ, ಹಾರವನ್ನು ಇದ್ದ ಹಾಗೇ ಹಾಕಿದೆ. ತಿರುಗಿದರೆ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನೀರು ಕುಡಿಯಲು ಒಳಗೆ ಹೋದರು.

ಸಂಜೆ ಗೊಂಬೆ ನೋಡಲು ಹೆಂಗಸರು ಬಂದರು. ಬಾಯಿಯನ್ನೂ ಕುಂಕುಮಕ್ಕೆ ಕರೆದಿದ್ದೆ. ಆಗಷ್ಟೇ ದಾದರ್‌ನಿಂದ ಬಂದು ಹಾಲ್‌ನಲ್ಲಿ ಹೂವಿನ ಚೀಲ ಹಿಡಿದು ನಿಂತಿದ್ದ ಯಜಮಾನರನ್ನು ಕಂಡು ಬಾಯಿ ನಕ್ಕು, “ಓಹೋ, ನೀವೇ ಏನು ನಮ್ಮ ಕಂಪ್ಯೂಟರ್ ಮೇಡಂ ಅವರ ಮಿಸ್ಟರ್!” ಎಂದರು.

ಎದುರು ಫ್ಲ್ಯಾಟಿನ ಗೆಳತಿಯೂ ಅಲ್ಲಿದ್ದಳು. ಉಡುಪಿ ಕಡೆಯವಳು, ಗಂಡನಿಗೆ ಫೋರ್ಟ್‌ನಲ್ಲಿ ಹೋಟೆಲು. ಅವಳ ನಾಲಿಗೆಗೆ ಬಾಗಿಲಿಲ್ಲ. “ಹಾಗಾದ್ರೆ ನಾಳೆಯಿಂದ ಚಾ ಮಾಡುವುದು ಮಿಸ್ಟರೇ ಅಲ್ವಾ ಮಾರಾಯ್ರೆ? ಬೇಕಾದ್ರೆ ನಮ್ಮ ಹೋಟೆಲಿಗೆ ಟ್ರೇನಿಂಗಿಗೆ ಕಳಿಸಿ!” ಎಂದಳು.

ಹೆಂಗಸರೆಲ್ಲ ನಕ್ಕರು. ಯಜಮಾನರೂ ನಕ್ಕರು. ಅವರ ನಗು ಎಲ್ಲರಿಗಿಂತ ಮೊದಲು ನಿಂತದ್ದನ್ನು ನಾನು ನೋಡಿದೆ. ನೋಡಿ, ಉಸಲಿ ಬಡಿಸಲು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಮರುಪೂಜೆ ಮುಗಿದ ಮೇಲೆ ಕಂಪ್ಯೂಟರಿನ ಕೆಂಪು ಸ್ವಿಚ್ ಒತ್ತಿದೆ. ಠಕ್ ಎಂದಿತು. ಅಷ್ಟೇ. ಒಳಗಿನ ಫ್ಯಾನು ತಿರುಗಲಿಲ್ಲ, ಹಸಿರು ದೀಪ ಹತ್ತಲಿಲ್ಲ, ಪರದೆ ಕಪ್ಪಗೆ ಕೂತಿತ್ತು. ಮತ್ತೆ ಒತ್ತಿದೆ. ಠಕ್.

“ಏನು ಒತ್ತಿದೆ ನೀನು?” ಎಂದರು ಯಜಮಾನರು.

“ಏನೂ ಇಲ್ಲ ರೀ, ಸ್ವಿಚ್ ಅಷ್ಟೇ.”

“ನಿನ್ನೆ ಒತ್ತಿದ್ದಾಳಲ್ಲ,” ಎಂದರು ಅತ್ತೆ, ದೇವರ ಮುಂದಿನ ಬತ್ತಿ ಸರಿಮಾಡುತ್ತಾ. “ಪೂಜೆಗಿಟ್ಟಿದ್ದನ್ನ ಮಧ್ಯಾಹ್ನ ಕೂತ್ಕೊಂಡು ಕುಟ್ತಾ ಇದ್ಲು. ನಾನೇ ಕಣ್ಣಾರೆ ನೋಡಿದೆ. ಆಯುಧ ಅಂತ ಕೈಮುಗಿದ ಮೇಲೆ ಮುಟ್ಟಬಾರ್ದು ಅಂತ ಕಾನ್ವೆಂಟ್‌ನಲ್ಲಿ ಕಲಿಸಿಲ್ವೇನೋ ಪಾಪ.”

“ಸಾರಿ ಅತ್ತೆ,” ಎಂದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದನ್ನೇ. ಮೊದಲು ಸಾರಿ ಹೇಳಬೇಕು, ಏನಾಯಿತೆಂದು ಆಮೇಲೆ ನೋಡಬೇಕು.

ಅತ್ತೆ ಅಂದೇ ಒಂದು ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ಚಾಮುಂಡಿಗೆ ತಪ್ಪುಕಾಣಿಕೆ ಎಂದು ನನ್ನ ಕೈಯಿಂದಲೇ ದೇವರ ಮುಂದೆ ಇಡಿಸಿದರು. ಕಂಪ್ಯೂಟರಿಗಾಗಿ ತಪ್ಪುಕಾಣಿಕೆ ಇಟ್ಟ ಹೆಂಗಸು ಆಗ ಮುಂಬಯಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ನಗು ಬರಲಿಲ್ಲ. ನಿಜವಾಗಿಯೂ ಕಣ್ಣುಮುಚ್ಚಿ ತಪ್ಪಾಯಿತು ಎಂದೆ.

ನನ್ನ ಮನಸ್ಸಿನಲ್ಲಿದ್ದುದು ಆ ಅಕ್ಷತೆ. ಒಂದು ಕಾಳು ಒಳಗೆ ಹೋಗಿ ಯಾವುದೋ ತಂತಿಗೆ ತಾಗಿ ಸುಟ್ಟಿರಬೇಕು. ಮರುದಿನ ಮಧ್ಯಾಹ್ನ ಪ್ಲಗ್ ಕಿತ್ತು, ಪೆಟ್ಟಿಗೆಯ ಹಿಂದೆ ಮಂಡಿಯೂರಿ, ಹೇರ್‌ಪಿನ್ನಿನಿಂದ ಜಾಲರಿಯ ಸಂದುಗಳನ್ನು ಕೆದಕಿದೆ. ಏಳು ಕಾಳು ಸಿಕ್ಕವು. ಎಲ್ಲ ಹಳದಿಯಾಗಿ, ಚೊಕ್ಕಟವಾಗಿ, ಸುಟ್ಟ ಗುರುತೇ ಇಲ್ಲದೆ ಇದ್ದವು. ಎಂಟನೆಯದು ಒಳಗೆ ಇದೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಸಂಜೆ ಆಫೀಸಿನಿಂದ ಬಂದ ಯಜಮಾನರು ಜಾಲರಿಯ ಹತ್ತಿರ ಬಿದ್ದಿದ್ದ ಹೇರ್‌ಪಿನ್ ನೋಡಿದರು. “ಮುಟ್ಟಬೇಡ ಅದನ್ನ. ಷಾಕ್ ಹೊಡೆಯುತ್ತೆ. ಸರ್ವಿಸ್‌ನವರಿಗೆ ಕಂಪ್ಲೇಂಟ್ ಬರೆಸಿದೀನಿ. ಹಬ್ಬದ ಗಲಾಟೆ, ದೀಪಾವಳಿ ಕಳೆದ ಮೇಲೆ ಬರ್ತಾರಂತೆ.”

“ದೀಪಾವಳಿಗೆ ಮುಂಚೆ ಬಾಯಿಗೆ ಕೊಡಬೇಕಲ್ಲ ರೀ.”

“ನಾನೇನು ಮಾಡ್ಲಿ? ಕೆಡಿಸಿದ್ದು ನಾನಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಸಿಟ್ಟಾಗಲಿಲ್ಲ ಎಂದು ನನಗೆ ಆಗ ಕೃತಜ್ಞತೆಯೇ ಆಯಿತು. ಆ ವಾರ ಎರಡು ಸಲ ಅವರಿಗಿಷ್ಟವಾದ ಮಜ್ಜಿಗೆಹುಳಿ ಮಾಡಿದೆ. ಬಾಯಿಗೆ ವಿಷಯ ತಿಳಿಸೋಣವೆಂದರೆ ಮುಖ ತೋರಿಸಲು ನಾಚಿಕೆ. ಇಂದು ಸರಿಯಾದೀತು, ನಾಳೆ ಸರಿಯಾದೀತು ಎಂದು ದಿನ ತಳ್ಳಿದೆ. ದಿನಕ್ಕೊಮ್ಮೆ, ಯಾರೂ ಇಲ್ಲದಾಗ, ಸ್ವಿಚ್ ಒತ್ತಿ ನೋಡುತ್ತಿದ್ದೆ. ಠಕ್.

ಹೀಗೆ ಹನ್ನೊಂದು ದಿನ ಕಳೆದವು. ಹನ್ನೆರಡನೆಯ ದಿನ ಎದುರುಮನೆಯವಳು ಕೊಬ್ಬರಿ ಎಣ್ಣೆ ಕೇಳಲು ಬಂದವಳು ನನ್ನ ಮುಖ ನೋಡಿ ನಿಂತಳು. “ಎಂತ ಅಕ್ಕ, ಯಾರು ಹೋದ್ರು?”

ಹೇಳಿದೆ.

“ದೀಪಾವಳಿ ಕಳೆದ ಮೇಲೆಯಾ! ನಮ್ಮ ಹೋಟೆಲಲ್ಲಿ ಗ್ರೈಂಡರ್ ನಿಂತ್ರೆ ಇಡ್ಲಿಯೇ ಬಂದ್. ನಮ್ಮವ್ರು ದೀಪಾವಳಿಗೆ ಕಾಯ್ತಾರಾ? ಫೋನಿನಲ್ಲೇ ಬೈದು ಕರೆಸ್ತಾರೆ. ನೀವೇ ಒಂದು ಫೋನ್ ಮಾಡಿ. ನಮ್ಮ ಮನೆಯಿಂದಲೇ ಮಾಡಿ. ಅದಕ್ಕೂ ಗಂಡನೇ ಬೇಕಾ ಮಾರಾಯ್ತಿ?”

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪುಸ್ತಕದ ಹಿಂದೆ ಅಂಟಿಸಿದ್ದ ಸರ್ವಿಸ್ ನಂಬರ್ ಬರೆದುಕೊಂಡು ಅವಳ ಹಾಲ್‌ಗೆ ಹೋದೆ. ಅತ್ತ ಕಡೆಯಿಂದ ಗಂಡಸಿನ ದನಿ, ಮರಾಠಿ ಬೆರೆತ ಹಿಂದಿ. ಯಜಮಾನರ ಹೆಸರು ಹೇಳಿ, ಕಂಪ್ಲೇಂಟ್ ಏನಾಯಿತು ಎಂದೆ. ಅವನು ರಿಜಿಸ್ಟರ್ ತಿರುವುವುದು ಕೇಳಿಸಿತು.

“ಈ ಹೆಸರಿನಲ್ಲಿ ಕಂಪ್ಲೇಂಟೇ ಇಲ್ಲವಲ್ಲ ಮೇಡಂ.”

“ದಸರಾ ಆದ ಮೇಲೆ ಬರೆಸಿದ್ದಾರೆ. ಮತ್ತೊಮ್ಮೆ ನೋಡಿ.”

“ಎರಡು ಸಲ ನೋಡಿದೆ. ಇರಲಿ ಬಿಡಿ, ಏನಾಗಿದೆ ಹೇಳಿ.”

ಏನೋ ಗೊಂದಲವಾಗಿರಬೇಕು ಎಂದುಕೊಂಡು ಹೇಳಿದೆ. ಅಕ್ಷತೆಯನ್ನೂ ಹೇಳಿದೆ. ಅವನು ನಕ್ಕ. “ದಸರಾ ಆದ ವಾರ ನಮಗೆ ಅರ್ಧ ಫೋನು ಇಂಥವೇ ಮೇಡಂ. ಹೂವು, ಕುಂಕುಮ, ಒಂದು ಕಡೆ ತೆಂಗಿನಕಾಯಿ ನೀರು. ಅಕ್ಕಿಯಿಂದ ಏನೂ ಆಗುವುದಿಲ್ಲ. ಸಿ.ವಿ.ಟಿ. ಗುಂಯ್ ಅನ್ನುತ್ತಿದೆಯಾ?”

ಆಗ ನಾನು ಬೆಪ್ಪಾದೆ. ಹಾಲಿನ ಪಾತ್ರೆಗೆ ಕಾವು ಹೆಚ್ಚಾದದ್ದನ್ನು ಪಕ್ಕದ ಕೋಣೆಯಿಂದಲೇ ಕೇಳಬಲ್ಲವಳು ನಾನು. ಹನ್ನೊಂದು ದಿನ ಆ ಪೆಟ್ಟಿಗೆ ಸುಮ್ಮನಿದ್ದದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ತಪ್ಪು ನನ್ನದೆಂದು ಒಪ್ಪಿಕೊಂಡ ಮೇಲೆ ಬೇರೆ ಕಡೆ ನೋಡುವ ಬುದ್ಧಿಯೇ ಬಂದಿರಲಿಲ್ಲ.

“ಇಲ್ಲ,” ಎಂದೆ.

“ಹಾಗಾದರೆ ಕಂಪ್ಯೂಟರನ್ನು ಬೈಯಬೇಡಿ. ಅದಕ್ಕೆ ಊಟವೇ ಬಂದಿಲ್ಲ. ಗೋಡೆಯ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ ಬನ್ನಿ.”

ಓಡಿದೆ. ಲ್ಯಾಂಪು ಹತ್ತಿತು. ಓಡಿ ಬಂದು ಹೇಳಿದೆ.

“ಗೋಡೆ ಸರಿಯಿದೆ. ಈಗ ಪ್ಲಗ್ ಕಿತ್ತುಬಿಟ್ಟು, ಸಿ.ವಿ.ಟಿ. ಹಿಂದೆ ಒಂದು ಕಪ್ಪು ಬಿರಡೆ ಇದೆ, ತಿರುಗಿಸಿ. ಗಾಜಿನ ಫ್ಯೂಸ್ ಬರುತ್ತದೆ. ಬೆಳಕಿಗೆ ಹಿಡಿದು ನೋಡಿ. ಒಳಗಿನ ತಂತಿ ಕಡಿದಿದ್ದರೆ ಅದೇ ರೋಗ.”

ಪೆಟ್ಟಿಗೆ ಗೋಡೆಗೆ ಒತ್ತಿಕೊಂಡಿತ್ತು. ಎದುರುಮನೆಯವಳೂ ಸೆರಗು ಸಿಕ್ಕಿಸಿಕೊಂಡು ಬಂದಳು. ಇಬ್ಬರೂ ಸೇರಿ ಗೇಣಷ್ಟು ಎಳೆದೆವು. ಬಿರಡೆ ಸಡಿಲವಾಗಿಯೇ ಇತ್ತು. ತಿರುಗಿಸಿ ತೆಗೆದೆ. ಗಾಜಿಲ್ಲ. ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದೆ. ಖಾಲಿ.

“ಫ್ಯೂಸ್ ಇಲ್ಲವೇ ಇಲ್ಲ,” ಎಂದೆ ಫೋನಿನಲ್ಲಿ.

“ಸುಟ್ಟ ಫ್ಯೂಸ್ ಅಲ್ಲೇ ಇರುತ್ತದೆ ಮೇಡಂ, ಕಪ್ಪಾಗಿ. ಎದ್ದು ಹೋಗಲು ಅದಕ್ಕೆ ಕಾಲಿಲ್ಲ. ಯಾರೋ ತೆಗೆದಿದ್ದಾರೆ. ಮನೆಯಲ್ಲಿ ಮಕ್ಕಳಿದ್ದಾರಾ?”

“ಇಲ್ಲ.”

“ಮತ್ತೆ?” ಎಂದ ಅವನು. ಆಮೇಲೆ, ಕೇಳಬಾರದ್ದನ್ನು ಕೇಳಿದವನ ಹಾಗೆ, ಯಾವ ಅಳತೆಯ ಫ್ಯೂಸ್ ತರಬೇಕೆಂದು ಹೇಳಿ ಇಟ್ಟುಬಿಟ್ಟ.

ನಮ್ಮ ಮನೆಯಲ್ಲಿದ್ದವರು ಮೂವರು. ಅತ್ತೆಯ ಮಂಡಿ ಕೆಳಗೆ ಬಗ್ಗಲು ಬಿಡುತ್ತಿರಲಿಲ್ಲ. ತರಕಾರಿಯನ್ನೂ ಕುರ್ಚಿಯ ಮೇಲೆ ಕೂತೇ ಹೆಚ್ಚುತ್ತಿದ್ದರು. ಎದುರುಮನೆಯವಳು ನನ್ನ ಮುಖ ನೋಡಿದಳು. ಕೇಳಲು ಬಂದ ಎಣ್ಣೆಯನ್ನು ಒಯ್ಯಲೇ ಇಲ್ಲ.

ಸ್ಟೇಷನ್ ಹತ್ತಿರದ ಎಲೆಕ್ಟ್ರಿಕ್ ಅಂಗಡಿಯಲ್ಲಿ ಫ್ಯೂಸ್ ಸಿಕ್ಕಿತು. ಕಿರುಬೆರಳಿನ ಅರ್ಧವೂ ಇಲ್ಲದ ಗಾಜು. ಹಾಕಿ, ಬಿರಡೆ ಬಿಗಿಮಾಡಿ, ಪ್ಲಗ್ ಚುಚ್ಚಿದೆ. ಗುಂಯ್. ಕೆಂಪು ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಪರದೆಯ ಮೂಲೆಯಲ್ಲಿ ಅಂಕಿಗಳು ಓಡಿದವು. ಐದನೆಯ ಅಧ್ಯಾಯ ನಾನು ಬಿಟ್ಟಲ್ಲೇ ಇತ್ತು. ಹಗಲೆಲ್ಲ ಕೂತರೆ ಇನ್ನೂ ಮುಗಿಸಬಹುದು, ಎಂಟು ದಿನ ಕೈಯಲ್ಲಿದೆ ಎಂದು ಲೆಕ್ಕ ಹಾಕುತ್ತಲೇ ಮತ್ತೆ ಎದುರುಮನೆಗೆ ಓಡಿ ಬಾಯಿಗೆ ಫೋನ್ ಮಾಡಿದೆ.

“ಅಯ್ಯೋ, ಈಗ ಹೇಗಿದೆ ನಿನ್ನ ಕಣ್ಣು?” ಎಂದರು ಬಾಯಿ.

“ಕಣ್ಣಾ?”

“ನಿನ್ನ ಮಿಸ್ಟರ್ ದಸರಾ ಆದ ಮರುವಾರವೇ ಆಫೀಸಿನಿಂದ ಕಾಲೇಜಿಗೆ ಫೋನ್ ಮಾಡಿದ್ದರಲ್ಲ. ಪರದೆ ನೋಡಿ ನೋಡಿ ಕಣ್ಣಿಗೆ ತೊಂದರೆ, ಡಾಕ್ಟರು ಬೇಡ ಅಂದಿದ್ದಾರೆ, ಅವಳಿಗೆ ನಿಮಗೆ ಹೇಳಲು ಸಂಕೋಚ ಅಂತ. ನಾನೇ ಬಂದು ನೋಡಬೇಕಿತ್ತು, ಆಗಲಿಲ್ಲ. ದಾದರ್‌ನಲ್ಲಿ ಒಂದು ಟೈಪಿಂಗ್ ಸೆಂಟರಿಗೆ ಕೊಟ್ಟೆ. ಕೊನೆಯ ಎರಡು ಅಧ್ಯಾಯ ಆಗಲೇ ಮುಗಿಸಿದ್ದಾರೆ. ನಿನ್ನ ಹತ್ತಿರ ಇರುವ ಫ್ಲಾಪಿಗಳು, ಐದನೆಯದರ ಕಾಗದ, ಎರಡೂ ಬೇಕಂತೆ. ಕಳಿಸುತ್ತೀಯಾ? ನಮ್ಮವರಿಬ್ಬರೂ ಅಲ್ಲಿಗೇ ಕೊಟ್ಟರು.”

ನನ್ನ ಕಣ್ಣು ಚೆನ್ನಾಗಿದೆ ಎನ್ನಬಹುದಿತ್ತು. ಅಂದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. “ಕಳಿಸುತ್ತೇನೆ,” ಎಂದೆ.

ಸಂಜೆ ಯಜಮಾನರು ಬರುವಾಗ ಕಂಪ್ಯೂಟರನ್ನು ಆರಿಸದೆ ಇಟ್ಟಿದ್ದೆ. ಒಂದು ಕಾಲಿನ ಷೂ ಬಿಚ್ಚಿದವರು ಆ ಸದ್ದು ಕೇಳಿ ಹಾಗೇ ನಿಂತರು.

“ಸರಿಹೋಯ್ತಾ?”

“ಫ್ಯೂಸ್ ಇರಲಿಲ್ಲ.”

“ಸುಟ್ಟಿತ್ತಾ?”

“ಸುಟ್ಟಿರಲಿಲ್ಲ ರೀ. ಇರಲಿಲ್ಲ. ಕಂಪ್ಲೇಂಟೂ ಇರಲಿಲ್ಲ. ಬಾಯಿ ಫ್ಲಾಪಿಗಳನ್ನ ದಾದರ್‌ನ ಟೈಪಿಂಗ್ ಸೆಂಟರಿಗೆ ಕಳಿಸು ಅಂದ್ರು. ನನ್ನ ಕಣ್ಣು ಹೇಗಿದೆ ಅಂತಾನೂ ಕೇಳಿದ್ರು.”

ಇನ್ನೊಂದು ಷೂ ಬಿಚ್ಚಿದರು. ಎರಡನ್ನೂ ಜೋಡಿಸಿ ಗೋಡೆಗೆ ಇಟ್ಟರು. ಜೇಬಿನಿಂದ ಲೋಕಲ್ ಟ್ರೇನಿನ ಪಾಸ್ ಇಡುವ ಕವರ್ ತೆಗೆದು, ಅದರ ಹಿಂದಿನ ಜೇಬಿನಿಂದ ಆ ಗಾಜಿನ ಚೂರನ್ನು ಮೇಜಿನ ಮೇಲಿಟ್ಟರು. ಹನ್ನೆರಡು ದಿನ ಅದು ಅವರ ಎದೆಯ ಮೇಲೆ ಫೋರ್ಟ್‌ಗೆ ಹೋಗಿ ಬಂದಿತ್ತು.

“ಹೌದು, ತೆಗೆದೆ. ಏನೀಗ? ನಾಲ್ಕು ಜನ ಹೆಂಗಸರ ಮುಂದೆ ನನ್ನ ಮನೆಯಲ್ಲೇ ನಾನು ಯಾರೋ ಮೇಡಂನ ಮಿಸ್ಟರ್. ಚಾ ಮಾಡೋನು. ನಗ್ತಾ ಇದ್ಯಲ್ಲ ನೀನೂ?”

ನಾನು ನಕ್ಕಿದ್ದೆನೋ ಇಲ್ಲವೋ ನೆನಪಿರಲಿಲ್ಲ. “ಬೇಡ ಅಂತ ನನಗೆ ಒಂದು ಮಾತು ಹೇಳಬಹುದಿತ್ತು,” ಎಂದೆ.

ಅತ್ತೆ ಕುರ್ಚಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. ದೇವರ ಮುಂದೆ ಆ ನಾಣ್ಯದ ಗಂಟು ಇನ್ನೂ ಇತ್ತು. ಅತ್ತೆ ಈಗಲಾದರೂ ಮಗನಿಗೆ ಒಂದು ಮಾತು ಅಂದಾರು ಎಂದು ಅವರತ್ತ ನೋಡಿದೆ.

“ಗಂಡಸು ಬಾಯಿಬಿಟ್ಟು ಹೇಳಕ್ಕಾಗ್ದೆ ಹಾಗೆ ಮಾಡಿದಾನೆ,” ಎಂದರು ಅತ್ತೆ. “ಹೇಳೋ ಹಾಗೆ ನೀನು ಇಟ್ಕೊಂಡಿದ್ಯಾ? ಕೈಕಾಲು ತೊಳ್ಕೊಳ್ಳಪ್ಪಾ, ಊಟಕ್ಕೆ ಏಳು.”

ಬಡಿಸಿದೆ. ಉಪ್ಪು ಸರಿಯಾಗಿಯೇ ಇತ್ತು.

ಇಷ್ಟು ವರ್ಷದ ಮೇಲೂ ನನ್ನನ್ನು ಚುಚ್ಚುವುದು ಫ್ಯೂಸ್ ಅಲ್ಲ. ಆಗಿನ ನಾನು ಎಂಥವಳೆಂದು ನನಗೆ ಗೊತ್ತು. ನಿಲ್ಲಿಸು ಎಂದಿದ್ದರೆ ನಿಲ್ಲಿಸಿಬಿಡುತ್ತಿದ್ದೆ. ಒಂದು ದಿನ ಮುಖ ಊದಿಸಿಕೊಂಡು, ಎರಡನೆಯ ದಿನ ಮರೆತು, ಬಾಯಿಯ ಬಳಿ ನಾನೇ ಹೋಗಿ ಕ್ಷಮೆ ಕೇಳುತ್ತಿದ್ದೆ. ಅಷ್ಟು ಸುಲಭದವಳ ಮೇಲೂ ಅವರಿಗೆ ಒಂದು ಮಾತು ಖರ್ಚು ಮಾಡಬೇಕೆನಿಸಲಿಲ್ಲ. ಹನ್ನೆರಡು ದಿನ ನಾನು ತಪ್ಪಿತಸ್ಥೆಯಾಗಿ ಮಜ್ಜಿಗೆಹುಳಿ ಮಾಡುವುದನ್ನು ನೋಡುತ್ತಾ, ಎರಡನೆಯ ಸಲ ಬಡಿಸಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ಊಟದ ಡಬ್ಬಿ ತೆಗೆದುಕೊಳ್ಳುವಾಗ, “ಫ್ಲಾಪಿ ಕೊಡು, ದಾದರ್‌ನಲ್ಲಿ ಇಳಿದು ಕೊಟ್ಟು ಹೋಗ್ತೀನಿ,” ಎಂದರು. ರಾಜಿಯ ದನಿ.

“ಬೇಡ. ನಾನೇ ಕೊಡ್ತೀನಿ,” ಎಂದೆ.

ಫ್ಲಾಪಿಗಳನ್ನು ಎರಡು ರಟ್ಟುಗಳ ಮಧ್ಯೆ ಇಟ್ಟು, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, ಹತ್ತು ಗಂಟೆಯ ಮೇಲೆ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ನಿಂತೇ ದಾದರ್‌ಗೆ ಹೋದೆ. ಸೆಂಟರ್ ಎರಡನೆಯ ಮಹಡಿಯಲ್ಲಿತ್ತು. ಧೂಳು ಬರಬಾರದೆಂದು ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ತಣ್ಣಗಿತ್ತು, ಆರು ಕಂಪ್ಯೂಟರ್, ಆರು ಹುಡುಗಿಯರು, ಎಲ್ಲರ ಬೆನ್ನೂ ನನ್ನ ಕಡೆ.

ಬಾಯಿಯ ಕೆಲಸ ನೋಡುತ್ತಿದ್ದ ಹುಡುಗಿ ನನ್ನ ಫ್ಲಾಪಿ ಹಾಕಿದಳು. ನನ್ನ ಪುಟಗಳು ಅವಳ ಪರದೆಯ ಮೇಲೆ ಬಂದವು. ಕೆಳಗಿನಿಂದ ಮೇಲಕ್ಕೆ ಓಡಿಸಿ ನೋಡಿದಳು. “ಸಾಫ್ ಕೆಲಸ ಆಂಟಿ,” ಎಂದಳು ಹಿಂದಿಯಲ್ಲಿ. “ಎಲ್ಲಿಯವರೆಗೆ ಆಗಿದೆ?”

ಬಗ್ಗಿ ತೋರಿಸಿದೆ. ಆಯುಧಪೂಜೆಯ ಮಧ್ಯಾಹ್ನ ಅತ್ತೆಯ ಹೆಜ್ಜೆ ಕೇಳಿದಂತಾಗಿ ನಿಲ್ಲಿಸಿದ್ದ ವಾಕ್ಯ, ಉಬ್ಬರದ ನೀರು ಗದ್ದೆಗೆ ಬಿಡುವ ಜಾಗಕ್ಕೆ ನಿಂತಿತ್ತು. ಹುಡುಗಿ ಬಾಯಿಯ ಕೈಬರಹದ ಕಾಗದವನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಆ ವಾಕ್ಯವನ್ನು ಅರ್ಧದಿಂದ ಎತ್ತಿಕೊಂಡು ಹೊಡೆಯತೊಡಗಿದಳು. ನನಗಿಂತ ವೇಗವಾಗಿಯೇ ಹೊಡೆಯುತ್ತಿದ್ದಳು. ಒಂದು ಪ್ಯಾರಾ ಮುಗಿಯುವವರೆಗೂ ನಾನು ಅವಳ ಕುರ್ಚಿಯ ಹಿಂದೆ ನಿಂತಿದ್ದೆ.

“ಇನ್ನೇನಾದರೂ ಇತ್ತಾ ಆಂಟಿ?” ಎಂದು ಅವಳು ತಿರುಗಿ ಕೇಳಿದಳು.

ಇಲ್ಲ ಎಂದೆ.